ಎರಡು ಬಂದೂಕುಗಳು, ಒಂದು ತೀರ್ಪು

ಪೇಟೆಗೆ ಹೋಗಿ ಎರಡು ಗಡಿಯಾರಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಗೃಹಸ್ಥನೂ ಅರ್ಧ ಗಂಟೆ ಯೋಚಿಸುತ್ತಾನೆ. ಒಂದು ನೋಡಲು ಚೆಲುವಾದುದು, ಇನ್ನೊಂದು ಬಾಳಿಕೆಯದು. ಆಯ್ಕೆ ತಪ್ಪಿದರೆ ಹೆಚ್ಚೆಂದರೆ ಕೆಲವು ರೂಪಾಯಿಗಳ ನಷ್ಟ, ಮನೆಯಾಕೆಯ ಎರಡು ಮಾತು. ಆದರೆ ಒಂದು ರಾಷ್ಟ್ರವು ತನ್ನ ಸೈನಿಕನ ಕೈಗೆ ಕೊಡಬೇಕಾದ ಬಂದೂಕನ್ನು ಆರಿಸುವಾಗ ತಪ್ಪಿದರೆ, ಬೆಲೆ ತೆರುವವನು ಆರಿಸಿದ ಅಧಿಕಾರಿಯಲ್ಲ. ಎಲ್ಲಿಯೋ ಕೆಸರಿನ ಕಂದಕದಲ್ಲಿ ಕುಳಿತು, ಕೈಯಲ್ಲಿರುವ ಯಂತ್ರವನ್ನೇ ನಂಬಿಕೊಂಡಿರುವ ಇಪ್ಪತ್ತರ ಹರೆಯದ ಯುವಕನು ಅದನ್ನು ತೆರುತ್ತಾನೆ.

ಅಮೆರಿಕ ದೇಶವು ಇಂತಹ ಒಂದು ಆಯ್ಕೆಯನ್ನು ಮಾಡಲು ಸುಮಾರು ಹತ್ತು ವರ್ಷಗಳ ಕಾಲವನ್ನೇ ತೆಗೆದುಕೊಂಡಿತು. ಕಣದಲ್ಲಿ ಕೊನೆಗೆ ಉಳಿದವು ಎರಡು ಬಂದೂಕುಗಳು. ಅವೆರಡನ್ನೂ ನಿರ್ಮಿಸಿದವರ ಹೆಸರು ಜಾನ್. ಇಬ್ಬರೂ ಕೆಲಸ ಮಾಡುತ್ತಿದ್ದುದು ಒಂದೇ ಆವರಣದಲ್ಲಿ—ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ಸರ್ಕಾರಿ ಶಸ್ತ್ರಾಗಾರದಲ್ಲಿ.

ಅಗುಳಿ ಹಾಕುವ ಬಂದೂಕು

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬಹುತೇಕ ಎಲ್ಲ ದೇಶಗಳ ಕಾಲಾಳುಗಳ ಕೈಯಲ್ಲಿದ್ದುದು ಬೋಲ್ಟಿನ ಬಂದೂಕು. ಬಾಗಿಲಿನ ಅಗುಳಿಯಂತೆ ಅದರ ಹಿಡಿಯನ್ನು ಮೇಲಕ್ಕೆತ್ತಬೇಕು, ಹಿಂದಕ್ಕೆ ಎಳೆಯಬೇಕು, ಮುಂದಕ್ಕೆ ಒತ್ತಬೇಕು, ಮತ್ತೆ ಕೆಳಕ್ಕೆ ಮಡಿಸಬೇಕು. ಆಗ ಒಂದು ತೋಟಾ ನಳಿಕೆಗೆ ಸೇರುತ್ತದೆ. ಕುದುರೆಯನ್ನು ಎಳೆದರೆ ಒಂದು ಗುಂಡು ಹಾರುತ್ತದೆ. ಮುಂದಿನ ಗುಂಡಿಗೆ ಮತ್ತೆ ಅದೇ ನಾಲ್ಕು ಚಲನೆಗಳು. ಅಷ್ಟು ಹೊತ್ತಿಗೆ ಸೈನಿಕನ ಕೆನ್ನೆ ಬಂದೂಕಿನ ಹಿಡಿಯಿಂದ ಸರಿದಿರುತ್ತದೆ. ಕಣ್ಣು ಗುರಿಯಿಂದ ತಪ್ಪಿರುತ್ತದೆ. ತೋಳಿನ ಅಲುಗಾಟ ಶತ್ರುವಿಗೆ ಕಂಡಿರುತ್ತದೆ.

ಈ ನಾಲ್ಕು ಕೆಲಸಗಳನ್ನು ಬಂದೂಕೇ ಮಾಡಿಕೊಂಡರೆ? ಸಿಡಿದ ಮದ್ದಿನ ಬಲದಿಂದಲೇ ಖಾಲಿ ಕೊಳವೆ ಹೊರಗೆ ಬಿದ್ದು, ಹೊಸ ತೋಟಾ ಒಳಗೆ ಬಂದು ಕುಳಿತರೆ? ಸೈನಿಕನು ಪ್ರತಿ ಗುಂಡಿಗೂ ಕುದುರೆಯನ್ನು ಒಮ್ಮೆ ಎಳೆದರೆ ಸಾಕು. ಇದೇ ಅರೆ-ಸ್ವಯಂಚಾಲಿತ ಬಂದೂಕು. ಬೆರಳು ಒತ್ತಿದಷ್ಟು ಹೊತ್ತೂ ಗುಂಡಿನ ಮಳೆ ಕರೆಯುವ ಮೆಷಿನ್ ಗನ್ನಿಗೂ ಇದಕ್ಕೂ ಇರುವ ಅಂತರವೆಂದರೆ, ಇಲ್ಲಿ ಒಂದು ಎಳೆತಕ್ಕೆ ಒಂದೇ ಗುಂಡು.

ಕಲ್ಪನೆ ಸುಲಭ, ಕಾರ್ಯ ಕಠಿಣ. ತೋಟಾ ಸಿಡಿದ ಕ್ಷಣದಲ್ಲಿ ನಳಿಕೆಯೊಳಗಿನ ಒತ್ತಡ ಭಯಂಕರವಾಗಿರುತ್ತದೆ. ಆಗಲೇ ಬಾಗಿಲು ತೆರೆದುಕೊಂಡರೆ ಕೊಳವೆ ಒಡೆದು ಬಂದೂಕು ಹಿಡಿದವನಿಗೇ ಅಪಾಯ. ಗುಂಡು ನಳಿಕೆಯನ್ನು ಬಿಟ್ಟು ಹೊರಟು ಒತ್ತಡ ಇಳಿಯುವವರೆಗೆ ಬಾಗಿಲು ಮುಚ್ಚಿರಬೇಕು; ಮರುಕ್ಷಣವೇ ತೆರೆಯಬೇಕು. ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ನಡೆಯಬೇಕಾದ ಈ ಕೆಲಸವನ್ನು ಕೆಸರು, ಮರಳು, ಮಳೆ, ಚಳಿ ಯಾವುದೂ ಕೆಡಿಸಬಾರದು. ಇಷ್ಟೆಲ್ಲ ಇದ್ದೂ ಬಂದೂಕು ಒಬ್ಬ ಮನುಷ್ಯ ದಿನವಿಡೀ ಹೊತ್ತು ನಡೆಯುವಷ್ಟು ಹಗುರವಾಗಿರಬೇಕು.

ಇಬ್ಬರು ಜಾನ್‌ಗಳು

ಜಾನ್ ಪೆಡರ್ಸನ್ 1881ರಲ್ಲಿ ನೆಬ್ರಾಸ್ಕ ಪ್ರಾಂತದಲ್ಲಿ ಹುಟ್ಟಿದವನು. ರೆಮಿಂಗ್ಟನ್ ಸಂಸ್ಥೆಗಾಗಿ ಹಲವು ಬಂದೂಕುಗಳನ್ನು ರೂಪಿಸಿ ಆಗಲೇ ಹೆಸರು ಗಳಿಸಿದ್ದನು. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಆತ ಮಾಡಿದ ಒಂದು ಪುಟ್ಟ ಸಾಧನವನ್ನು ಸೈನ್ಯವು ಅತ್ಯಂತ ಗುಟ್ಟಾಗಿ ಕಾಪಾಡಿತ್ತು. ಹಳೆಯ ಬೋಲ್ಟನ್ನು ತೆಗೆದು ಅದರ ಜಾಗದಲ್ಲಿ ಇದನ್ನು ಸಿಕ್ಕಿಸಿದರೆ ಸಾಮಾನ್ಯ ಬಂದೂಕೇ ಅರೆ-ಸ್ವಯಂಚಾಲಿತವಾಗಿ ಸಣ್ಣ ಗುಂಡುಗಳನ್ನು ಹಾರಿಸುತ್ತಿತ್ತು. ಸುಮಾರು 65,000 ಸಾಧನಗಳು ತಯಾರಾದವು. ಅಷ್ಟರಲ್ಲಿ ಯುದ್ಧವೇ ಮುಗಿಯಿತು. ಮುಂದೆ ಅವುಗಳಲ್ಲಿ ಹೆಚ್ಚಿನವನ್ನು ಸರ್ಕಾರವೇ ನಾಶಮಾಡಿತು. ಆದರೂ ಪೆಡರ್ಸನ್ನನ ಕೀರ್ತಿ ಮಾತ್ರ ಉಳಿಯಿತು.

ಹೊಸ ಬಂದೂಕನ್ನು ಮಾಡಿಕೊಡುವೆನೆಂದು ಆತನು ಬಂದಾಗ ಸೈನ್ಯವು ಒಪ್ಪಿದ ಕರಾರು ಅವನ ಯೋಗ್ಯತೆಗೆ ತಕ್ಕುದಾಗಿತ್ತು: ವರ್ಷಕ್ಕೆ 10,000 ಡಾಲರು ಸಂಬಳ, ಕೆಲಸಕ್ಕೆ ಜಾಗ ಮತ್ತು ಅನುಕೂಲತೆಗಳು, ಹಕ್ಕುಪತ್ರ ಅವನದೇ, ಬಂದೂಕು ಆಯ್ಕೆಯಾದರೆ ಒಂದೊಂದಕ್ಕೂ ಒಂದೊಂದು ಡಾಲರು ಗೌರವಧನ.

ಇನ್ನೊಬ್ಬ ಜಾನ್‌ನ ಕಥೆ ಬೇರೆ. ಜಾನ್ ಗ್ಯಾರಂಡ್ 1888ರ ಜನವರಿ 1ರಂದು ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಹಳ್ಳಿಯೊಂದರಲ್ಲಿ, ಫ್ರೆಂಚ್ ಮಾತನಾಡುವ ಕುಟುಂಬದಲ್ಲಿ, ಹನ್ನೆರಡು ಮಕ್ಕಳಲ್ಲಿ ಒಬ್ಬನಾಗಿ ಹುಟ್ಟಿದನು. ತಾಯಿ ತೀರಿಕೊಂಡ ಮೇಲೆ ತಂದೆ ಮಕ್ಕಳನ್ನು ಕಟ್ಟಿಕೊಂಡು ಅಮೆರಿಕಕ್ಕೆ ಬಂದನು. ಬಾಲಕ ಗ್ಯಾರಂಡ್ ಬಟ್ಟೆ ಗಿರಣಿಯಲ್ಲಿ ನೆಲ ಗುಡಿಸುತ್ತ ಇಂಗ್ಲಿಷನ್ನೂ ಯಂತ್ರಗಳನ್ನೂ ಕಲಿತನು. ಬಿಡುವಿನಲ್ಲಿ ಗುರಿ ಹೊಡೆಯುವ ಪಂದ್ಯಗಳ ಹುಚ್ಚು. ಸ್ಕೇಟಿಂಗಿನ ಮೋಹ ಎಷ್ಟಿತ್ತೆಂದರೆ, ಚಳಿಗಾಲದಲ್ಲಿ ಮನೆಯ ನಡುಮನೆಗೇ ನೀರು ಬಿಟ್ಟು ಹೆಪ್ಪುಗಟ್ಟಿಸಿ ಅದರ ಮೇಲೆ ಜಾರಾಡಿದನೆಂದು ಒಂದು ಕಥೆಯೂ ಪ್ರಚಾರದಲ್ಲಿದೆ. 1918ರಲ್ಲಿ ಆತ ರಚಿಸಿದ ಮೆಷಿನ್ ಗನ್ನಿನ ನಕ್ಷೆ ಸರ್ಕಾರದ ಗಮನ ಸೆಳೆಯಿತು; 1919ರಲ್ಲಿ ಆತನು ಸ್ಪ್ರಿಂಗ್‌ಫೀಲ್ಡಿಗೆ ನೌಕರನಾಗಿ ಬಂದನು. ಮಾಸಿಕ ಸಂಬಳದ ನೌಕರ. ಗೌರವಧನದ ಮಾತೇ ಇಲ್ಲ.

ಮೊಣಕಾಲು ಮತ್ತು ಆವಿ

ಪೆಡರ್ಸನ್ನನ ಬಂದೂಕು ಜಾಣತನದ ಸೃಷ್ಟಿ. ಮನುಷ್ಯನ ಮೊಣಕಾಲು ನೇರವಾಗಿ ನಿಂತಾಗ ಮೈಭಾರವನ್ನೆಲ್ಲ ಹೊರುತ್ತದೆ. ತುಸು ಬಾಗಿತೆಂದರೆ ಸುಲಭವಾಗಿ ಮಡಿಯುತ್ತದೆ. ಆತನ ಬಂದೂಕಿನ ಬಾಗಿಲನ್ನು ಹಿಡಿದಿದ್ದುದು ಇಂತಹುದೇ ಒಂದು ಕೀಲು. ತೋಟಾ ಸಿಡಿದೊಡನೆ ಕೀಲು ಮೊದಲು ನಿಧಾನವಾಗಿ ಬಾಗಿ, ಆಮೇಲೆ ಥಟ್ಟನೆ ಮೇಲೆದ್ದು ಮಡಿಯುತ್ತಿತ್ತು. ನೋಡುವುದಕ್ಕೆ ಸುಂದರ, ಲೆಕ್ಕಾಚಾರವೂ ಕರಾರುವಾಕ್ಕು.

ಆದರೆ ಇದರಲ್ಲೊಂದು ತೊಡಕು. ಬಾಗಿಲಿಗೆ ಪೂರ್ತಿ ಅಗುಳಿ ಬಿದ್ದಿರುತ್ತಿರಲಿಲ್ಲ. ಆದ್ದರಿಂದ ಒತ್ತಡ ಇಳಿಯುವ ಮೊದಲೇ ಖಾಲಿ ಕೊಳವೆ ಹಿಂದಕ್ಕೆ ಸರಿಯಲು ತೊಡಗುತ್ತಿತ್ತು. ಒತ್ತಡದಿಂದ ಉಬ್ಬಿದ ಹಿತ್ತಾಳೆಯ ಕೊಳವೆ ಗೋಡೆಗೆ ಕಚ್ಚಿಕೊಂಡಿರುವಾಗಲೇ ಎಳೆದರೆ ಹರಿಯದೆ ಇರುತ್ತದೆಯೆ? ಇದಕ್ಕೆ ಪೆಡರ್ಸನ್ ಕಂಡುಕೊಂಡ ಪರಿಹಾರ, ಪ್ರತಿಯೊಂದು ತೋಟಾಕ್ಕೂ ತೆಳ್ಳಗೆ ಮೇಣದ ಲೇಪ. ಅದು ಕೈಗೆ ಅಂಟದ ಗಟ್ಟಿ ಮೇಣ. ಲೇಪವಿದೆಯೆಂಬುದೇ ಸುಲಭವಾಗಿ ತಿಳಿಯುತ್ತಿರಲಿಲ್ಲ. ಆದರೂ ಪರೀಕ್ಷಕರ ಮನಸ್ಸಿಗೆ ಹಿಡಿಸಲಿಲ್ಲ. ತೋಟಾದ ಲೇಪ ಅಲ್ಪ ವಿಷಯವಲ್ಲವೆಂಬುದನ್ನು 1857ರ ಭಾರತವನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಧರ್ಮದ ಪ್ರಶ್ನೆ. ಇಲ್ಲಿ ಬರೀ ಯಂತ್ರದ ಪ್ರಶ್ನೆ. ಯುದ್ಧಕಾಲದಲ್ಲಿ ಕೋಟಿಗಟ್ಟಲೆ ತೋಟಾಗಳು ತಯಾರಾಗುವಾಗ ಒಂದು ಕಂತೆಗೆ ಮೇಣ ತಪ್ಪಿದರೆ ಗತಿಯೇನು?

ಗ್ಯಾರಂಡ್ ಮೊದಲು ಬೇರೆಯೇ ದಾರಿಯನ್ನು ಹಿಡಿದಿದ್ದನು. ತೋಟಾದ ಹಿಂಬದಿಯಲ್ಲಿರುವ ಸಿಡಿಗುಪ್ಪಿಯು ಹಿಂದಕ್ಕೆ ತುಸು ಸರಿಯುವ ಬಲದಿಂದಲೇ ಬಂದೂಕನ್ನು ನಡೆಸುವ ಉಪಾಯವದು. ಐದಾರು ವರ್ಷ ಅದರಲ್ಲೇ ಕಳೆದವು. ಅಷ್ಟರಲ್ಲಿ ಸೈನ್ಯವು ಮದ್ದನ್ನು ಬದಲಿಸಿತು. ಸಿಡಿಗುಪ್ಪಿ ಅಲುಗದಂತೆ ಭದ್ರಪಡಿಸಿತು. ವರ್ಷಗಳ ದುಡಿಮೆ ಒಂದೇ ಆಜ್ಞೆಯಿಂದ ವ್ಯರ್ಥವಾಯಿತು. ಬೇರೊಬ್ಬನಾಗಿದ್ದರೆ ಕೈಚೆಲ್ಲುತ್ತಿದ್ದನೇನೋ. ಗ್ಯಾರಂಡ್ ಮೊದಲಿನಿಂದ ಆರಂಭಿಸಿದನು.

ಅನ್ನ ಬೇಯುವ ಪಾತ್ರೆಯ ಮುಚ್ಚಳವನ್ನು ಆವಿ ಎತ್ತುವುದನ್ನು ಕಾಣದ ಮನೆಯಿಲ್ಲ. ಗ್ಯಾರಂಡನ ಹೊಸ ಬಂದೂಕು ನಂಬಿದ್ದು ಅಂತಹ ಬಲವನ್ನೇ. ಗುಂಡಿನ ಬೆನ್ನಟ್ಟಿ ಬರುವ ಮದ್ದಿನ ಅನಿಲದಲ್ಲಿ ಒಂದು ಪಾಲನ್ನು ನಳಿಕೆಯ ತುದಿಯಲ್ಲಿ ಹಿಡಿದು ಒಂದು ಉದ್ದನೆಯ ಸಲಾಕೆಯನ್ನು ಹಿಂದಕ್ಕೆ ತಳ್ಳಿಸುವುದು. ಆ ಸಲಾಕೆ ಬೋಲ್ಟನ್ನು ತಿರುಗಿಸಿ ಅಗುಳಿ ತೆಗೆಯುವುದು. ಅಷ್ಟರಲ್ಲಿ ಗುಂಡು ಹೊರಗೆ ಹೋಗಿ ಒತ್ತಡ ಇಳಿದಿರುತ್ತದೆ. ಬೋಲ್ಟು ತಿರುಗುವಾಗಲೇ ಕಚ್ಚಿಕೊಂಡ ಕೊಳವೆ ಸಡಿಲಗೊಳ್ಳುತ್ತದೆ. ಮೇಣ ಬೇಕಿಲ್ಲ.

ಹಂದಿಗಳು ಹೇಳಿದ ಸಾಕ್ಷಿ

ಬಂದೂಕಿನ ಪ್ರಶ್ನೆಯೊಡನೆ ತೋಟಾದ ಪ್ರಶ್ನೆಯೂ ಹೆಣೆದುಕೊಂಡಿತ್ತು. ಸೈನ್ಯವು 1906ರಿಂದ ಬಳಸುತ್ತಿದ್ದ ತೋಟಾದ ಗುಂಡಿನ ಅಗಲ .30 ಅಂಗುಲ. ಪೆಡರ್ಸನ್ ಬಯಸಿದ್ದು .276 ಅಂಗುಲದ, ಹಗುರವಾದ, ಭುಜಕ್ಕೆ ಕಡಮೆ ಒದೆಯುವ ಹೊಸ ತೋಟಾ. ಹಳೆಯ ಸೇನಾನಿಗಳು ಹುಬ್ಬು ಗಂಟಿಕ್ಕಿದರು. ಸಣ್ಣ ಗುಂಡು ಶತ್ರುವನ್ನು ಕೆಡವೀತೆ?

1928ರಲ್ಲಿ ಇದನ್ನು ತಿಳಿಯಲು ಒಂದು ಕ್ರೂರ ಪರೀಕ್ಷೆ ನಡೆಯಿತು. ಮತ್ತು ಬರಿಸಿದ ಹಂದಿಗಳ ಮೇಲೆ .30, .276 ಹಾಗೂ ಇನ್ನೂ ಸಣ್ಣದಾದ .256 ಅಂಗುಲದ ಗುಂಡುಗಳನ್ನು ಬೇರೆ ಬೇರೆ ದೂರಗಳಿಂದ ಹಾರಿಸಿ ಗಾಯಗಳನ್ನು ಅಳೆದರು. ಇತಿಹಾಸದಲ್ಲಿ ಆ ಮಂಡಲಿಗೆ ಹಂದಿ ಮಂಡಲಿ ಎಂಬ ಹೆಸರೇ ನಿಂತಿತು. ಫಲಿತಾಂಶ ಅನುಭವಿಗಳನ್ನು ಬೆರಗುಗೊಳಿಸಿತು. ಯುದ್ಧದಲ್ಲಿ ಸಾಮಾನ್ಯವಾಗಿ ಹೋರಾಟ ನಡೆಯುವ ದೂರಗಳಲ್ಲಿ ಸಣ್ಣ ಗುಂಡುಗಳು ದೊಡ್ಡದಕ್ಕಿಂತ ಕಡಮೆಯಲ್ಲ. ಕೆಲವೆಡೆ ಅವೇ ಹೆಚ್ಚು ಘೋರ. ದೊಡ್ಡದೇ ಬಲಶಾಲಿಯೆಂಬ ನಂಬಿಕೆಯನ್ನು ಆ ಮೂಕಪ್ರಾಣಿಗಳು ಜೀವ ಕೊಟ್ಟು ಸುಳ್ಳುಮಾಡಿದವು.

ಹೀಗೆ .276ರ ಪಕ್ಷ ಗೆದ್ದಿತು. ಪದಾತಿದಳದ ಪರೀಕ್ಷಕರಂತೂ ಪೆಡರ್ಸನ್ನನ ಬಂದೂಕನ್ನೇ ಸ್ವೀಕರಿಸಬಹುದೆಂದು ಹೇಳಿದ್ದರು. ಇನ್ನೇನು, ಜಯಮಾಲೆ ಆತನ ಕೊರಳಿಗೆ ಬಿತ್ತೆಂದೇ ಎಲ್ಲರೂ ತಿಳಿದರು. ಆದರೆ ಶಸ್ತ್ರ ಇಲಾಖೆ ಒಂದು ಎಚ್ಚರಿಕೆಯ ಕೆಲಸ ಮಾಡಿತು. ಅದೇ .276 ತೋಟಾಕ್ಕೆ ಹೊಂದುವಂತೆ ನೀನೂ ಒಂದು ಬಂದೂಕು ಮಾಡೆಂದು ಗ್ಯಾರಂಡನಿಗೆ ಆಜ್ಞೆಯಿತ್ತಿತು.

ಎದುರು ಬದುರು

1929ರಲ್ಲಿ ಮೇರಿಲ್ಯಾಂಡ್ ಪ್ರಾಂತದ ಅಬರ್ಡೀನ್ ಪರೀಕ್ಷಾ ಕ್ಷೇತ್ರದಲ್ಲಿ ಹಲವಾರು ಬಂದೂಕುಗಳು ಸಾಲಾಗಿ ನಿಂತವು. ಯುರೋಪಿನಿಂದಲೂ ಬಂದಿದ್ದವು. ಗುಂಡು ಹಾರಿಸಿದರು, ಧೂಳಿನಲ್ಲಿ ಹೊರಳಿಸಿದರು, ನೀರೆರಚಿದರು, ಬಿಡಿಭಾಗಗಳನ್ನು ಕಳಚಿ ಜೋಡಿಸಿದರು. ಒಂದೊಂದಾಗಿ ಉಳಿದವು ಹಿಂದೆ ಸರಿದು ಕೊನೆಗೆ ಪೆಡರ್ಸನ್ ಮತ್ತು ಗ್ಯಾರಂಡ್ ಬಂದೂಕುಗಳು ಎದುರು ಬದುರಾದವು. ಗ್ಯಾರಂಡನದು ಮೆಚ್ಚುಗೆ ಪಡೆಯಿತು. ಇಪ್ಪತ್ತು ಬಂದೂಕುಗಳನ್ನು ಮಾಡಿಕೊಡಲು ಅಪ್ಪಣೆಯಾಯಿತು.

1931ರಲ್ಲಿ ಎರಡನೆಯ ಸುತ್ತು. ಪರೀಕ್ಷಕರ ಕಣ್ಣಿಗೆ ಸಣ್ಣ ಸಣ್ಣ ಸಂಗತಿಗಳೆಲ್ಲ ಬಿದ್ದವು. ಎರಡಕ್ಕೂ ಹತ್ತು ತೋಟಾಗಳನ್ನು ಲೋಹದ ಕ್ಲಿಪ್ಪಿನೊಡನೆ ಒಟ್ಟಿಗೆ ಒಳಕ್ಕೆ ಒತ್ತಬೇಕಾಗಿತ್ತು. ಪೆಡರ್ಸನ್ನನ ಬಂದೂಕಿಗೆ ಕ್ಲಿಪ್ಪು ಒಂದೇ ಮುಖವಾಗಿ ಹೋಗಬೇಕು. ಗ್ಯಾರಂಡನದಕ್ಕೆ ಹೇಗೆ ಒತ್ತಿದರೂ ಸರಿ. ಹಗಲು ಹೊತ್ತಿನ ಮೇಜಿನ ಮೇಲೆ ಇದು ಎಷ್ಟರ ವ್ಯತ್ಯಾಸ! ಕಗ್ಗತ್ತಲೆಯಲ್ಲಿ ನಡುಗುವ ಕೈಗಳಿಗೆ ಅದೇ ಜೀವನ್ಮರಣದ ವ್ಯತ್ಯಾಸ. ಪೆಡರ್ಸನ್ನನ ಕೀಲು ಮೇಲಕ್ಕೆದ್ದು ಮಡಿಯಲು ಜಾಗ ಬೇಕು. ಗ್ಯಾರಂಡನದರಲ್ಲಿ ಅಂತಹ ಯಾವುದೂ ಇಲ್ಲ. ಒಂದಕ್ಕೆ ಮೇಣ ಬೇಕು, ಇನ್ನೊಂದಕ್ಕೆ ಬೇಡ.

1932ರ ಜನವರಿಯಲ್ಲಿ ಮಂಡಲಿಯ ಶಿಫಾರಸು ಹೊರಬಿತ್ತು: .276 ಅಂಗುಲದ ಗ್ಯಾರಂಡ್ ಬಂದೂಕನ್ನು ಸ್ವೀಕರಿಸಬಹುದು. ನೆಲ ಗುಡಿಸುತ್ತಿದ್ದ ಹುಡುಗ ಗೆದ್ದಿದ್ದನು. ಆದರೆ ತೋಟಾದ ವಿಷಯದಲ್ಲಿ ಗೆಲುವು ಪೆಡರ್ಸನ್ನನದೇ.

ದಂಡನಾಯಕನ ಅಡ್ಡಗೆರೆ

ಆಗ ಸೈನ್ಯದ ಮುಖ್ಯಾಧಿಕಾರಿ ಜನರಲ್ ಡಗ್ಲಸ್ ಮ್ಯಾಕಾರ್ಥರ್. 1932ರ ಫೆಬ್ರವರಿ 25ರಂದು ಆತನು ಶಿಫಾರಸಿನ ಅರ್ಧಕ್ಕೆ ಅಡ್ಡಗೆರೆ ಎಳೆದನು. ಅರೆ-ಸ್ವಯಂಚಾಲಿತ ಬಂದೂಕು ಬೇಕು. ಆದರೆ ತೋಟಾ ಮಾತ್ರ ಹಳೆಯ.30 ಅಂಗುಲದ್ದೇ ಇರಬೇಕು.

ಕಾರಣಗಳು ಹಗುರವಾದವಲ್ಲ. ದೇಶವು ಆರ್ಥಿಕ ಕುಸಿತದಲ್ಲಿ ನರಳುತ್ತಿತ್ತು. ಉಗ್ರಾಣಗಳಲ್ಲಿ ಹಳೆಯ ತೋಟಾಗಳು ರಾಶಿರಾಶಿಯಾಗಿ ಬಿದ್ದಿದ್ದವು. ಮೆಷಿನ್ ಗನ್ನುಗಳೆಲ್ಲ .30 ಅಂಗುಲದವು, ಬಂದೂಕಿಗೆ ಬೇರೆ ತೋಟಾ ಎಂದಾದರೆ ರಣರಂಗಕ್ಕೆ ಎರಡು ಬಗೆಯ ತೋಟಾಗಳನ್ನು ಸಾಗಿಸಬೇಕು. ಕತ್ತಲೆಯಲ್ಲಿ ತಪ್ಪು ಪೆಟ್ಟಿಗೆ ತಪ್ಪು ಕಂದಕಕ್ಕೆ ಹೋದರೆ ಬಂದೂಕು ಬರೀ ದೊಣ್ಣೆಯಾದೀತು. ಹಂದಿಗಳ ಸಾಕ್ಷ್ಯ ಎಷ್ಟೇ ಸತ್ಯವಾಗಿದ್ದರೂ ಬೊಕ್ಕಸದ ಸಾಕ್ಷ್ಯ ಅದಕ್ಕಿಂತ ಪ್ರಬಲವಾಯಿತು.

ಪೆಡರ್ಸನ್ನನ ಬಂದೂಕು ತನ್ನದೇ ತೋಟಾದ ಸುತ್ತ ಹೆಣೆದದ್ದು; .276 ಹೋದೊಡನೆ ಅದರ ಬದುಕೂ ಮುಗಿಯಿತು. ಗ್ಯಾರಂಡನಾದರೋ .30 ಅಂಗುಲದ ಮಾದರಿಯೊಂದನ್ನು ಮೊದಲೇ ಮಾಡಿಟ್ಟಿದ್ದನು. 1931ರಲ್ಲಿ ಅದರ ಬೋಲ್ಟು ಬಿರುಕುಬಿಟ್ಟು ಪರೀಕ್ಷೆಯಿಂದ ಹೊರಬಿದ್ದಿತ್ತು. ಈಗ ಅದನ್ನೇ ತಿದ್ದಿ ಮುಂದೆ ತಂದನು. ದೊಡ್ಡ ತೋಟಾಗಳಿಗೆ ಜಾಗ ಸಾಲದೆ ಹತ್ತರ ಕ್ಲಿಪ್ಪು ಎಂಟಕ್ಕೆ ಇಳಿಯಿತು. ಆದರೂ ಹಳೆಯ ಸ್ಪ್ರಿಂಗ್‌ಫೀಲ್ಡ್ ಬಂದೂಕಿನ ಐದಕ್ಕಿಂತ ಅದು ಹೆಚ್ಚೇ. 1936ರ ಜನವರಿಯಲ್ಲಿ ಎಂ-1 ಎಂಬ ಹೆಸರಿನಿಂದ ಅದು ಸೈನ್ಯದ ಅಧಿಕೃತ ಬಂದೂಕಾಯಿತು. ತೂಕ ಸುಮಾರು ಒಂಬತ್ತೂವರೆ ಪೌಂಡು. 1937ರಲ್ಲಿ ತಯಾರಿಕೆ ಆರಂಭವಾದಾಗ ದಿನಕ್ಕೆ ಹತ್ತು ಬಂದೂಕುಗಳಷ್ಟೇ ಹೊರಬರುತ್ತಿದ್ದವು. ಬಂದೂಕನ್ನು ಮಾಡುವ ಯಂತ್ರಗಳನ್ನು ರೂಪಿಸುವುದರಲ್ಲಿಯೂ ಗ್ಯಾರಂಡನದೇ ಕೈ.

ತೀರ್ಪಿನ ಪರೀಕ್ಷೆ

ಎರಡನೆಯ ಮಹಾಯುದ್ಧದಲ್ಲಿ ಆ ತೀರ್ಪಿಗೆ ಪರೀಕ್ಷೆ ಒದಗಿತು. ವಿಧಿಯ ವಿನೋದವೆಂದರೆ, ಮೊದಲ ಪರೀಕ್ಷಕರಲ್ಲಿ ಒಬ್ಬನು ಮ್ಯಾಕಾರ್ಥರನೇ. 1942ರ ಆರಂಭದಲ್ಲಿ ಫಿಲಿಪೀನ್ಸಿನ ಬಟಾನ್ ಪರ್ಯಾಯದ್ವೀಪದಲ್ಲಿ ಜಪಾನೀಯರ ಮುತ್ತಿಗೆಗೆ ಸಿಕ್ಕಿ ಕಾದುತ್ತಿದ್ದ ಅವನ ಪಡೆಗಳ ಕೈಯಲ್ಲಿ ಈ ಬಂದೂಕುಗಳಿದ್ದವು. ಬಿಡುವಿಲ್ಲದ ಹೋರಾಟದಲ್ಲಿಯೂ, ಧೂಳಿನಲ್ಲಿಯೂ ಅವು ಕೈಕೊಡಲಿಲ್ಲವೆಂದು ಆತನು ರಾಜಧಾನಿಗೆ ವರದಿ ಕಳುಹಿಸಿದನು. ಬಟಾನ್ ಬಿದ್ದಿತು, ಬಂದೂಕಿನ ಮಾನ ಉಳಿಯಿತು. 1945ರಲ್ಲಿ ಜನರಲ್ ಪ್ಯಾಟನ್ ಇದಕ್ಕಿಂತ ಮಿಗಿಲಾದ ಯುದ್ಧೋಪಕರಣವೇ ಇಲ್ಲವೆಂಬಷ್ಟರ ಮಟ್ಟಿಗೆ ಅದನ್ನು ಹೊಗಳಿ ಪತ್ರ ಬರೆದನು.

ದೋಷಗಳಿರಲಿಲ್ಲವೆಂದಲ್ಲ. ಅರ್ಧ ಖಾಲಿಯಾದ ಕ್ಲಿಪ್ಪಿಗೆ ನಡುವೆ ತೋಟಾ ತುಂಬುವುದು ಕಷ್ಟ. ಎಂಟನೆಯ ಗುಂಡು ಹಾರಿದೊಡನೆ ಖಾಲಿ ಕ್ಲಿಪ್ಪು ಟಣ್ಣೆಂದು ಹೊರಗೆ ನೆಗೆಯುತ್ತಿತ್ತು. ಎಚ್ಚರ ತಪ್ಪಿದರೆ ಬೋಲ್ಟು ಮುಂದಕ್ಕೆ ಹಾರಿ ಹೆಬ್ಬೆರಳನ್ನು ಜಜ್ಜುತ್ತಿತ್ತು. ಆ ಗಾಯಕ್ಕೆ ಸೈನಿಕರು ಎಂ-1 ಹೆಬ್ಬೆರಳು ಎಂದೇ ಹೆಸರಿಟ್ಟರು. ಆದರೂ ಆ ಯುದ್ಧದಲ್ಲಿ ತನ್ನ ಕಾಲಾಳುಗಳ ಕೈಗೆ ಸಾಮಾನ್ಯ ಆಯುಧವಾಗಿಯೇ ಅರೆ-ಸ್ವಯಂಚಾಲಿತ ಬಂದೂಕನ್ನು ಕೊಡಲು ಶಕ್ತವಾದ ದೇಶ ಅಮೆರಿಕವೊಂದೇ. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 40 ಲಕ್ಷ, ಕೊನೆಗೆ ಒಟ್ಟು 54 ಲಕ್ಷದಷ್ಟು ಎಂ-1ಗಳು ತಯಾರಾದವು.

ಪೆಡರ್ಸನ್ನನ ಕರಾರಿನಂತೆ ಒಂದಕ್ಕೊಂದು ಡಾಲರು ಎಂದು ಲೆಕ್ಕ ಹಾಕಿದರೆ ಆ ಸಂಖ್ಯೆಯ ಅರ್ಥ ತಿಳಿಯುತ್ತದೆ. ಅಷ್ಟು ಸಂಪತ್ತು ಆತನ ಕೈತಪ್ಪಿತು. ಗ್ಯಾರಂಡನಿಗೂ ಅದು ಬರಲಿಲ್ಲ. ತನ್ನ ಹಕ್ಕುಗಳನ್ನು ಆತನು ಸರ್ಕಾರಕ್ಕೆ ಬಿಟ್ಟುಕೊಟ್ಟಿದ್ದನು. ಆತನಿಗೆ ಒಂದು ಲಕ್ಷ ಡಾಲರುಗಳ ಬಹುಮಾನ ಕೊಡಬೇಕೆಂಬ ಮಸೂದೆ ಅಮೆರಿಕದ ಕಾಂಗ್ರೆಸ್ಸಿನ ಮುಂದೆ ಬಂದಿತಾದರೂ ಅಂಗೀಕಾರವಾಗಲಿಲ್ಲ. ಪದಕಗಳು ಬಂದವು. 1953ರಲ್ಲಿ ಆತನು ನೌಕರಿಯಿಂದ ನಿವೃತ್ತನಾಗಿ, 1974ರಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲಿಯೇ ತೀರಿಕೊಂಡನು. ಪೆಡರ್ಸನ್ 1951ರಲ್ಲಿಯೇ ಕಾಲವಾಗಿದ್ದನು. ಯುದ್ಧಕಾಲದಲ್ಲಿ ಅವನ ಹೆಸರು ಹೊತ್ತ ಕಾರ್ಖಾನೆಯೊಂದು ಕಾರ್ಬೈನ್ ಎಂಬ ಕಿರುಬಂದೂಕು ತಯಾರಿಸಲು ಹೊರಟು ವಿಫಲವಾಗಿತ್ತು.

ಉಳಿದ ಪ್ರಶ್ನೆ

ಹಾಗಾದರೆ ತೀರ್ಪು ಸರಿಯೆ? ಬಂದೂಕಿನ ಮಟ್ಟಿಗೆ ಸರಿಯೆಂದು ರಣರಂಗವೇ ಹೇಳಿತು. ತೋಟಾದ ಮಟ್ಟಿಗೆ ಉತ್ತರ ಅಷ್ಟು ಸುಲಭವಲ್ಲ. ಯುದ್ಧವಾದ ಮೇಲೆ ಬ್ರಿಟನ್ ಸುಮಾರು ಏಳು ಮಿಲಿಮೀಟರಿನ, ಹೆಚ್ಚುಕಡಮೆ ಪೆಡರ್ಸನ್ನನ ಅಳತೆಯದೇ ಆದ, ತೋಟಾವನ್ನು ಸೂಚಿಸಿತು. ಅಮೆರಿಕ ಹಳೆಯ .30 ಅಂಗುಲವನ್ನೇ, ಅಂದರೆ 7.62 ಮಿಲಿಮೀಟರನ್ನೇ, ಹಟಹಿಡಿದು ಗೆಲ್ಲಿಸಿತು. 1954ರಲ್ಲಿ ನ್ಯಾಟೋ ರಾಷ್ಟ್ರಗಳೆಲ್ಲ ಅದನ್ನು ಒಪ್ಪಿದವು. ಹತ್ತು ಹನ್ನೆರಡು ವರ್ಷ ಕಳೆಯುವುದರೊಳಗೆ ಅಮೆರಿಕವೇ ಅದನ್ನು ಬದಿಗಿಟ್ಟು ವಿಯೆಟ್ನಾಮಿನಲ್ಲಿ 5.56 ಮಿಲಿಮೀಟರಿನ ಸಣ್ಣ ಗುಂಡಿಗೆ ಕೈಚಾಚಿತು. 1928ರ ಹಂದಿಗಳ ಸಾಕ್ಷ್ಯಕ್ಕೆ ಹೀಗೆ ಬಹಳ ತಡವಾಗಿ ಮನ್ನಣೆ ದೊರೆಯಿತು.

ಆ ಅಡ್ಡಗೆರೆಯ ನೆರಳು ಭಾರತದವರೆಗೂ ಚಾಚಿತು. 1962ರಲ್ಲಿ ಹಿಮಾಲಯದ ಚಳಿಯಲ್ಲಿ ಕಾದಿದ ಭಾರತದ ಜವಾನರ ಕೈಯಲ್ಲಿದ್ದುದು ಇನ್ನೂ ಅಗುಳಿ ಹಾಕುವ .303 ಬಂದೂಕು. ಬಳಿಕ ಬಂಗಾಳದ ಈಶಾಪುರದ ಕಾರ್ಖಾನೆಯಲ್ಲಿ ಬೆಲ್ಜಿಯಮ್ ಮಾದರಿಯ ಅರೆ-ಸ್ವಯಂಚಾಲಿತ ಬಂದೂಕು ತಯಾರಾಯಿತು. ಅದಕ್ಕೆ ತುಂಬಿದ್ದು 7.62 ಮಿಲಿಮೀಟರಿನ ತೋಟಾ. 1971ರ ಯುದ್ಧದಲ್ಲಿ ಭಾರತೀಯ ಕಾಲಾಳುಗಳು ಹೊತ್ತುದು ಅದನ್ನೇ. 1990ರ ದಶಕದಲ್ಲಿ 5.56 ಮಿಲಿಮೀಟರಿನ ಇನ್ಸಾಸ್ ಬರುವವರೆಗೂ ಅದೇ ಅವರ ಮುಖ್ಯ ಆಯುಧವಾಗಿತ್ತು.

ಸ್ಪ್ರಿಂಗ್‌ಫೀಲ್ಡಿನ ಶಸ್ತ್ರಾಗಾರ 1968ರಲ್ಲಿ ಮುಚ್ಚಿತು. ಇಂದು ಅದೊಂದು ವಸ್ತುಸಂಗ್ರಹಾಲಯ. ಮೇಣದ ತೋಟಾವನ್ನು ಕಂಡುಹಿಡಿದ ಮೇಧಾವಿ ಸಾಮಾನ್ಯನಲ್ಲ. ಆದರೆ ಆತನ ಬಂದೂಕು ಸುಖವಾಗಿ ನಡೆಯಬೇಕಾದರೆ ಜಗತ್ತು ಆತನ ಲೆಕ್ಕದಂತೆಯೇ ನಡೆಯಬೇಕಾಗಿತ್ತು. ಜಗತ್ತು ಹಾಗೆ ನಡೆಯುವುದಿಲ್ಲವೆಂಬುದನ್ನು ಗಿರಣಿಯ ನೆಲ ಗುಡಿಸಿದವನು ಬಾಲ್ಯದಲ್ಲೇ ಅರಿತಿದ್ದನು. ಮದ್ದು ಬದಲಾಯಿತು, ತೋಟಾ ಬದಲಾಯಿತು, ಆಜ್ಞೆಗಳು ಬದಲಾದವು. ಪ್ರತಿಸಲವೂ ಆತನು ಅರವನ್ನು ಕೈಗೆತ್ತಿಕೊಂಡು ಮತ್ತೆ ಕೆಲಸಕ್ಕೆ ಕುಳಿತನು.